ಮೊಬೈಲಿನಲ್ಲಿ ಬರೆದ ಅಡಿಕೆ ಲೆಕ್ಕ ಕಂಪ್ಯೂಟರಿನಲ್ಲಿ ತೆರೆದಾಗ ಕೆಡುವುದೇಕೆ?

ಪ್ರಶ್ನೆ: ತೀರ್ಥಹಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ಸುತ್ತಿನ ಕೆಲವು ಊರುಗಳಲ್ಲಿ ನಾವು ತೋಟಗಳನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಹಿಡಿದು, ಹಸಿ ಅಡಿಕೆ ಕೊಯ್ಯಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಶಿವಮೊಗ್ಗದ ಮಾರುಕಟ್ಟೆಗೆ ಕಳಿಸುತ್ತೇವೆ. ಕೊಯ್ಲಿನ ದಿನಗಳಲ್ಲಿ ತೋಟದಲ್ಲಿಯೇ ತೂಕ ಮಾಡಿ, ತೋಟದ ಯಜಮಾನರ ಹೆಸರು, ಊರು, ಸರ್ವೆ ನಂಬರು, ದಿನಾಂಕ, ತೂಕ, ಕೊಟ್ಟ ಮುಂಗಡ, ಬ್ಯಾಂಕ್ ಖಾತೆ ಸಂಖ್ಯೆ ಇವಿಷ್ಟನ್ನೂ ಮೊಬೈಲಿನ ಒಂದು ಲೆಕ್ಕದ ಆ್ಯಪ್‌ನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಆ ಆ್ಯಪ್ ತನ್ನ ಹಾಳೆಯನ್ನು ಸಿಎಸ್‌ವಿ ರೂಪದಲ್ಲಿ ಮಾತ್ರ ಹೊರಗೆ ಕೊಡುತ್ತದೆ. ಸಂಜೆ ಕೇಬಲ್ ಜೋಡಿಸಿ ಆ ಫೈಲನ್ನು ಕಂಪ್ಯೂಟರಿಗೆ ಹಾಕಿಕೊಂಡು ಎಕ್ಸೆಲ್‌ನಲ್ಲಿ ತೆರೆಯುತ್ತೇನೆ. ಕಂಪ್ಯೂಟರಿನಲ್ಲಿರುವುದು ವಿಂಡೋಸ್ 10 ಮತ್ತು ಎಕ್ಸೆಲ್ 2016.

ತೊಂದರೆ ಒಂದೇ ಬಗೆಯದಲ್ಲ. ಫೈಲಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ತೆರೆದರೆ ಹೆಸರು ಮತ್ತು ಊರಿನ ಕಾಲಂಗಳಲ್ಲಿ ಕನ್ನಡದ ಒಂದಕ್ಷರವೂ ಇರುವುದಿಲ್ಲ. ತಲೆಯ ಮೇಲೆ ಗೀರು ಎಳೆದ ಇಂಗ್ಲಿಷ್ ‘ಎ’, ಅದರ ಪಕ್ಕದಲ್ಲಿ ಮೇಲಕ್ಕೇರಿಸಿದ ಚಿಕ್ಕ 2 ಅಥವಾ 3, ನಡುನಡುವೆ ಅರ್ಥವಾಗದ ಚಿಹ್ನೆಗಳು, ಹೀಗೆ ಸೆಲ್ ತುಂಬ ಹರಡಿರುತ್ತದೆ. ಅದೇ ಫೈಲು ಮೊಬೈಲಿನಲ್ಲಿ ಸ್ವಚ್ಛವಾದ ಕನ್ನಡದಲ್ಲಿ ಕಾಣುತ್ತದೆ. ದಿನಾಂಕದ ಕಾಲಂನಲ್ಲಿ ಕೆಲವು ದಿನಾಂಕಗಳು ಬಲಕ್ಕೂ ಕೆಲವು ಎಡಕ್ಕೂ ಒತ್ತಿಕೊಂಡು ನಿಲ್ಲುತ್ತವೆ. ದಿನಾಂಕದ ಕ್ರಮದಲ್ಲಿ ಜೋಡಿಸಲು ಹೋದರೆ ನವೆಂಬರಿನ ತೂಕ ಮೇ ತಿಂಗಳಿಗೆ ಹೋಗಿ ಕೂರುತ್ತದೆ. ಮೇ ತಿಂಗಳಲ್ಲಿ ನಮ್ಮ ಕಡೆ ಅಡಿಕೆಗೊನೆ ಇಳಿಸುವವರು ಯಾರಿದ್ದಾರೆ? ಸರ್ವೆ ನಂಬರು 12/3 ಎಂದು ಬರೆದದ್ದು ಡಿಸೆಂಬರ್ 3 ಆಗುತ್ತದೆ. ಖಾತೆ ಸಂಖ್ಯೆಯ ಮೊದಲಿನ ಸೊನ್ನೆಗಳು ಮಾಯವಾಗುತ್ತವೆ, ಉದ್ದನೆಯ ಸಂಖ್ಯೆಯಾದರೆ ಅದರ ಜಾಗದಲ್ಲಿ ನಡುವೆ ‘ಇ’ ಸೇರಿಕೊಂಡ ಚುಟುಕು ಸಂಖ್ಯೆಯೊಂದು ಬಂದು ಕೂರುತ್ತದೆ.

ಹೆಸರುಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಟೈಪ್ ಮಾಡಿ, ಸಿಎಸ್‌ವಿಯಾಗಿಯೇ ಉಳಿಸಿ ಮೊಬೈಲಿಗೆ ಮರಳಿಸಿದಾಗ ಅಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡವು. ನಕಲು ಮಾಡುವ ಗೋಜು ಬೇಡವೆಂದು, ಕೇಬಲ್ ಜೋಡಿಸಿದಾಗ ಕಾಣುವ ಮೊಬೈಲಿನ ಫೋಲ್ಡರಿನಿಂದಲೇ ನೇರವಾಗಿ ಫೈಲು ತೆರೆದು ತಿದ್ದಿದರೆ, ಆ ತಿದ್ದುಪಡಿ ಮೊಬೈಲಿನಲ್ಲಿ ಕಾಣುವುದೇ ಇಲ್ಲ. ಕೇಬಲ್ ಬದಲಿಸಿ ನೋಡಿದ್ದಾಯಿತು, ವಾಟ್ಸಾಪ್‌ನಲ್ಲಿ ಕಳಿಸಿ ನೋಡಿದ್ದಾಯಿತು, ಫಲ ಒಂದೇ. ದಯವಿಟ್ಟು ಎಲ್ಲವನ್ನೂ ಆನ್‌ಲೈನಿನಲ್ಲಿ ಇಡಿ ಎಂಬ ಸಲಹೆ ಬೇಡ. ತೋಟಗಳಿರುವ ಕಡೆ ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುತ್ತದೆ, ಮನೆಯಲ್ಲಿ ಕರೆಂಟು ಹೋದರೆ ಅದೂ ಇಲ್ಲ.


ಉತ್ತರ: ಸಾಗರದಿಂದ

ನಿಮ್ಮ ಫೈಲು ಕೆಟ್ಟಿಲ್ಲ, ಕೇಬಲ್ಲಿನ ತಪ್ಪೂ ಇಲ್ಲ. ಮೊಬೈಲಿನಲ್ಲಿರುವ ಫೈಲಿನ ಗಾತ್ರವೂ ಕಂಪ್ಯೂಟರಿಗೆ ಬಂದ ಪ್ರತಿಯ ಗಾತ್ರವೂ ಬೈಟ್ ಲೆಕ್ಕದಲ್ಲಿ ಒಂದೇ ಇದೆಯೇ ಎಂದು ಒಮ್ಮೆ ಹೋಲಿಸಿ ನೋಡಿ. ಒಂದೇ ಇದ್ದರೆ, ಇದ್ದದ್ದು ಇದ್ದ ಹಾಗೆಯೇ ಬಂದಿದೆ ಎಂದು ಬಹುಮಟ್ಟಿಗೆ ನಂಬಬಹುದು. ಕೇಬಲ್ಲಿನಲ್ಲಿ ಕಳಿಸಿದರೂ ವಾಟ್ಸಾಪ್‌ನಲ್ಲಿ ಕಳಿಸಿದರೂ ಫಲ ಒಂದೇ ಆದದ್ದು ಇದಕ್ಕೇ: ಕೆಡುತ್ತಿರುವುದು ದಾರಿಯಲ್ಲಲ್ಲ, ಎಕ್ಸೆಲ್ ಅದನ್ನು ತೆರೆದು ಓದುವ ಹೊತ್ತಿನಲ್ಲಿ.

ಸಿಎಸ್‌ವಿ ಎಂಬುದು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಪಠ್ಯ. ಅದರ ಅಲ್ಪವಿರಾಮ, ಉದ್ಧರಣ ಚಿಹ್ನೆ ಮುಂತಾದ ರೂಢಿಗಳನ್ನು 2005ರಲ್ಲಿ ಆರ್‌ಎಫ್‌ಸಿ 4180 ಎಂಬ ದಾಖಲೆಯಲ್ಲಿ ಬರೆದಿಟ್ಟಿದ್ದಾರೆ. ಆದರೂ ಈ ಪಠ್ಯ ಯಾವ ಅಕ್ಷರ ಸಂಕೇತದಲ್ಲಿದೆ, ಯಾವ ಕಾಲಂ ದಿನಾಂಕ, ಯಾವುದು ಅಂಕಿ, ಯಾವುದು ಅಂಕಿಯಂತೆ ಕಾಣುವ ಹೆಸರು ಎಂದು ಫೈಲಿನೊಳಗೆ ಹೇಳಲು ಜಾಗವೇ ಇಲ್ಲ. ಓದುವ ತಂತ್ರಾಂಶ ಊಹಿಸುತ್ತದೆ. ಫೈಲು ತೆರೆದಾಗ ಕಾಣುವ ನಿಮ್ಮ ತೊಂದರೆಗಳೆಲ್ಲ ಆ ಊಹೆಯಿಂದ ಹುಟ್ಟಿದವು.

ಮೊದಲು ಅಕ್ಷರಗಳ ಮಾತು. ನಿಮ್ಮ ಮೊಬೈಲು ಯುಟಿಎಫ್-8 ಎಂಬ ಯೂನಿಕೋಡ್ ಸಂಕೇತದಲ್ಲಿ ಬರೆಯುತ್ತಿದೆ. ಇದರಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. ‘ಅಡಿಕೆ’ ಎಂಬ ಪದ ಕಣ್ಣಿಗೆ ಮೂರು ಅಕ್ಷರವಾದರೂ ಒಳಗೆ ಅ, ಡ, ಇಕಾರದ ಗುಣಿತ, ಕ, ಎಕಾರದ ಗುಣಿತ ಎಂದು ಐದು ಚಿಹ್ನೆಗಳಾಗಿ 15 ಬೈಟ್ ಹಿಡಿಯುತ್ತದೆ. ಇಂಗ್ಲಿಷ್ ವಿಂಡೋಸ್‌ನಲ್ಲಿ ಎಕ್ಸೆಲ್ ಸಿಎಸ್‌ವಿಯನ್ನು ನೇರವಾಗಿ ತೆರೆದಾಗ ಬೇರೆ ಸೂಚನೆಯಿಲ್ಲದಿದ್ದರೆ ಅದನ್ನು 1252 ಎಂಬ ಹಳೆಯ ಪಾಶ್ಚಾತ್ಯ ಸಂಕೇತವೆಂದು ಭಾವಿಸಿ, ಒಂದೊಂದು ಬೈಟನ್ನೂ ಒಂದೊಂದು ಅಕ್ಷರವಾಗಿ ತೋರಿಸುತ್ತದೆ. ಕನ್ನಡದ ಎಲ್ಲ ಚಿಹ್ನೆಗಳ ಮೊದಲ ಬೈಟ್ ಒಂದೇ ಆಗಿರುವುದರಿಂದ ಗೀರಿರುವ ‘ಎ’ ಮತ್ತೆ ಮತ್ತೆ ಬರುತ್ತದೆ. ಎರಡನೆಯ ಬೈಟ್ ಎರಡೇ ಬಗೆಯದು: ಸ್ವರ, ವ್ಯಂಜನ ಮತ್ತು ಮೊದಲ ಒಂದೆರಡು ಗುಣಿತ ಚಿಹ್ನೆಗಳಿಗೆ ಒಂದು, ಉಳಿದ ಗುಣಿತಗಳಿಗೂ ಒತ್ತಕ್ಷರ ಕೂಡಿಸುವ ಚಿಹ್ನೆಗೂ ಇನ್ನೊಂದು. ನೀವು ಕಂಡ ಚಿಕ್ಕ 2 ಮತ್ತು 3 ಇವೇ. ಹಾಗಾಗಿ ಆ ಗೀರಿನ ‘ಎ’ ಮತ್ತು ಏರಿಸಿದ 2, 3 ಒಟ್ಟಿಗೆ ಕಂಡರೆ ಗಾಬರಿ ಬೇಡ. ಒಳಗೆ ಕನ್ನಡ ಕ್ಷೇಮವಾಗಿದೆ, ಓದುವ ಕ್ರಮ ಮಾತ್ರ ತಪ್ಪಿದೆ. ಆಗ ಮಾಡಬಾರದ ಕೆಲಸ ಒಂದೇ, ಉಳಿಸುವುದು. ಉಳಿಸದೆ ಮುಚ್ಚಿಬಿಡಿ.

ಸರಿಯಾದ ದಾರಿ ಇದು. ಎಕ್ಸೆಲ್‌ನಲ್ಲಿ ಖಾಲಿ ಹಾಳೆಯೊಂದನ್ನು ತೆರೆದು, ‘ಡೇಟಾ’ ಪಟ್ಟಿಯಲ್ಲಿರುವ ‘ಫ್ರಮ್ ಟೆಕ್ಸ್ಟ್’ ಒತ್ತಿ ನಿಮ್ಮ ಸಿಎಸ್‌ವಿಯನ್ನು ಆರಿಸಿ. ಬರುವ ಕಿಟಕಿಯಲ್ಲಿ ‘ಫೈಲ್ ಒರಿಜಿನ್’ ಎಂಬಲ್ಲಿ ‘65001: ಯೂನಿಕೋಡ್ ಯುಟಿಎಫ್-8’ ಎಂಬುದನ್ನು ಹುಡುಕಿ ಆರಿಸಿದ ಕೂಡಲೇ ಕೆಳಗಿನ ಮಾದರಿಯಲ್ಲಿ ಕನ್ನಡ ಮೂಡುತ್ತದೆ. ಮುಂದಿನ ಹಂತದಲ್ಲಿ ಬೇರ್ಪಡಿಸುವ ಚಿಹ್ನೆ ಅಲ್ಪವಿರಾಮ ಎಂದು ಗುರುತು ಮಾಡಿ. ಮೂರನೆಯ ಹಂತವನ್ನು ಹೆಚ್ಚಿನವರು ಓದದೆ ‘ಫಿನಿಶ್’ ಒತ್ತುತ್ತಾರೆ. ನಿಮ್ಮ ದಿನಾಂಕ ಮತ್ತು ಸರ್ವೆ ನಂಬರಿನ ಮದ್ದು ಅಲ್ಲಿಯೇ ಇದೆ, ಅದನ್ನು ಬೇರೆ ಯಾರಾದರೂ ನನಗಿಂತ ಚೆನ್ನಾಗಿ ಹೇಳಿಯಾರು. ಕೊನೆಗೆ ಹಾಳೆಯನ್ನು ಎಕ್ಸೆಲ್‌ನ ಸ್ವಂತ ರೂಪವಾದ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಉಳಿಸಿ.

ನೋಟ್‌ಪ್ಯಾಡಿನಲ್ಲಿ ಸಿಎಸ್‌ವಿಯನ್ನು ತೆರೆದು, ‘ಸೇವ್ ಆ್ಯಸ್’ ಕೊಟ್ಟು, ಎನ್‌ಕೋಡಿಂಗ್‌ನಲ್ಲಿ ‘ಯುಟಿಎಫ್-8 ವಿತ್ ಬಾಮ್’ ಆರಿಸುವ ಸುಲಭೋಪಾಯವೂ ಇದೆ. ಹಾಗೆ ಮಾಡಿದಾಗ ಫೈಲಿನ ತಲೆಯಲ್ಲಿ ಮೂರು ಬೈಟ್‌ಗಳ ಗುರುತೊಂದು ಕೂರುತ್ತದೆ, ಎಕ್ಸೆಲ್ ಅದನ್ನು ಕಂಡು ಯುಟಿಎಫ್-8 ಎಂದು ತಿಳಿಯುತ್ತದೆ. ಆದರೆ ಇದರಿಂದ ಅಕ್ಷರ ಮಾತ್ರ ಸರಿಹೋಗುತ್ತದೆ, ದಿನಾಂಕ ಅಲ್ಲ.

ಮೊಬೈಲಿಗೆ ಮರಳಿಸಿದಾಗ ಕಂಡ ಪ್ರಶ್ನಾರ್ಥಕ ಚಿಹ್ನೆಗಳು ಬೇರೆಯೇ ರೋಗ. ಎಕ್ಸೆಲ್‌ನ ಸಾಧಾರಣ ‘ಸಿಎಸ್‌ವಿ, ಕಾಮಾ ಡಿಲಿಮಿಟೆಡ್’ ಎಂಬ ಆಯ್ಕೆ ಅದೇ ಹಳೆಯ ಸಂಕೇತದಲ್ಲಿ ಬರೆಯುತ್ತದೆ. ಆ ಕೋಷ್ಟಕದಲ್ಲಿ ಕನ್ನಡಕ್ಕೆ ಮನೆಯಿಲ್ಲದ್ದರಿಂದ ಪ್ರತಿ ಚಿಹ್ನೆಯ ಜಾಗದಲ್ಲಿ ಪ್ರಶ್ನಾರ್ಥಕವನ್ನು ಬರೆದುಬಿಡುತ್ತದೆ. ಮೊದಲಿನದರಲ್ಲಿ ಓದುವುದು ತಪ್ಪಿತ್ತು, ಇಲ್ಲಿ ಬರೆಯುವುದೇ ತಪ್ಪಿದೆ. ಉಳಿಸುವಾಗ ಪಟ್ಟಿಯಲ್ಲಿ ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಬೇಕು. ನಿಮ್ಮ 2016ರ ಆವೃತ್ತಿಯಲ್ಲಿ ಅದು ಕಾಣದಿದ್ದರೆ ಲಿಬ್ರೆಆಫೀಸ್ ಕ್ಯಾಲ್ಕ್ ಬಳಸಿ. ಅದು ಉಚಿತ, ಸಿಎಸ್‌ವಿ ತೆರೆಯುವಾಗ ಸಂಕೇತ ಯಾವುದು, ಕಾಲಂಗಳ ಬಗೆ ಯಾವುದು ಎಂದು ತಾನಾಗಿಯೇ ಕೇಳುತ್ತದೆ. ಇಂಥ ಕೆಲಸಕ್ಕೆ ನನಗೆ ಅದೇ ಹೆಚ್ಚು ಮೆಚ್ಚು.

ಚೌಕಾಕಾರದ ಖಾಲಿ ಡಬ್ಬಿಗಳು ಕಂಡರೆ ಅದು ಫಾಂಟಿನ ಕೊರತೆ ಅಷ್ಟೇ. ನಿರ್ಮಲಾ ಯುಐ ಅಥವಾ ತುಂಗಾ ಫಾಂಟ್ ಹಾಕಿದರೆ ಸಾಕು.


ಉತ್ತರ: ಹೊಸನಗರದಿಂದ

ಸಾಗರದವರು ಬಿಟ್ಟ ಮೂರನೆಯ ಹಂತವನ್ನು ನಾನು ಹೇಳುತ್ತೇನೆ. ನಾನು ಮನೆಯಂಗಳದ ಮಳೆಮಾಪಕದ ಲೆಕ್ಕವನ್ನು ಮೊಬೈಲಿನಲ್ಲಿ ಬರೆಯುವವನು; ಭಾರತೀಯ ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಗಳ ಮಳೆಯನ್ನು ಆ ದಿನದ ಹೆಸರಿನಲ್ಲಿ ಬರೆಯುವುದು. ಅದನ್ನು ಕಂಪ್ಯೂಟರಿನಲ್ಲಿ ತಿಂಗಳುವಾರು ಕೂಡಿಸಿದಾಗ ಜನವರಿ 7ರಂದು ಆಷಾಢದ ಮಳೆ ಸುರಿದಿರುವುದಾಗಿ ಕಾಣುತ್ತಿತ್ತು. ಅದು ಜುಲೈ 1ರ ಮಳೆ. 01/07 ಎಂಬುದನ್ನು ಕಂಪ್ಯೂಟರು ತಿಂಗಳು ಮೊದಲು, ದಿನ ಆಮೇಲೆ ಎಂಬ ಅಮೆರಿಕದ ಕ್ರಮದಲ್ಲಿ ಓದುತ್ತಿತ್ತು.

ನಿಮ್ಮ ಕಾಲಂನಲ್ಲಿ ಕೆಲವು ಬಲಕ್ಕೆ, ಕೆಲವು ಎಡಕ್ಕೆ ನಿಂತಿರುವ ಗುಟ್ಟು ಇದೇ. ತಿಂಗಳ 1ರಿಂದ 12ರವರೆಗಿನ ದಿನಾಂಕಗಳು ತಿರುವುಮುರುವಾದರೂ ಇನ್ನೊಂದು ದಿನಾಂಕವಾಗಿ ಹೊಂದಿಕೊಳ್ಳುತ್ತವೆ, ಆದ್ದರಿಂದ ಎಕ್ಸೆಲ್ ಅವನ್ನು ದಿನಾಂಕವೆಂದು ಒಪ್ಪಿ ಬಲಕ್ಕೆ ನಿಲ್ಲಿಸುತ್ತದೆ. 13ರಿಂದ ಮುಂದಿನವು, ಹದಿಮೂರನೆಯ ತಿಂಗಳು ಎಂಬುದು ಇಲ್ಲದ ಕಾರಣ, ಪಠ್ಯವಾಗಿಯೇ ಉಳಿದು ಎಡಕ್ಕೆ ನಿಲ್ಲುತ್ತವೆ. ಎಡಕ್ಕೆ ನಿಂತವು ತಪ್ಪು, ಬಲಕ್ಕೆ ನಿಂತವು ಸರಿ ಎಂದು ನೋಡಿದವರಿಗೆ ಅನ್ನಿಸುತ್ತದೆ. ವಾಸ್ತವದಲ್ಲಿ ಎಡಕ್ಕಿರುವವುಗಳಲ್ಲಿ ನೀವು ಬರೆದದ್ದು ಹಾಗೆಯೇ ಉಳಿದಿದೆ, ಬಲಕ್ಕಿರುವವುಗಳೇ ಮೋಸದವು. ಅವುಗಳಲ್ಲಿಯೂ ತಿಂಗಳಿಗೊಂದು ದಿನ, ಜುಲೈ 7, ನವೆಂಬರ್ 11 ಇಂಥವು, ತಿರುವಿದರೂ ಅದೇ ಆಗಿರುವುದರಿಂದ ಬಚಾವಾಗುತ್ತವೆ. ಸೆಲ್ಲಿನ ಫಾರ್ಮ್ಯಾಟ್ ಬದಲಿಸಿ ಇದನ್ನು ಸರಿಪಡಿಸಲು ಹೋಗಬೇಡಿ. ಫಾರ್ಮ್ಯಾಟ್ ಬದಲಾದರೆ ತೋರುವ ರೀತಿ ಬದಲಾಗುತ್ತದೆಯೇ ಹೊರತು ಒಳಗೆ ಕೂತ ತಪ್ಪು ದಿನಾಂಕ ಬದಲಾಗುವುದಿಲ್ಲ.

ಮೂರನೆಯ ಹಂತದಲ್ಲಿ ಪ್ರತಿ ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿ ಅದರ ಬಗೆಯನ್ನು ಹೇಳಬಹುದು. ದಿನಾಂಕದ ಕಾಲಂಗೆ ‘ಡೇಟ್’ ಆರಿಸಿ ಪಕ್ಕದಲ್ಲಿ ‘ಡಿಎಂವೈ’ ಎಂದು ಕೊಡಿ, ಅಂದರೆ ದಿನ, ತಿಂಗಳು, ವರ್ಷ. ಸರ್ವೆ ನಂಬರು ಮತ್ತು ಖಾತೆ ಸಂಖ್ಯೆಗೆ ‘ಟೆಕ್ಸ್ಟ್’ ಎಂದು ಕೊಡಿ. ತೂಕ ಮತ್ತು ಮುಂಗಡವನ್ನು ‘ಜನರಲ್’ ಆಗಿಯೇ ಬಿಡಿ. ಮುಂದೆ ನೀವು ಹೊಸ ಆವೃತ್ತಿಗೆ ಹೋದರೆ ಅಲ್ಲಿ ಕಿಟಕಿಯ ಚೆಹರೆ ಬೇರೆ. ‘ಡೇಟಾ ಟೈಪ್ ಡಿಟೆಕ್ಷನ್’ ಎಂಬಲ್ಲಿ ‘ಡು ನಾಟ್ ಡಿಟೆಕ್ಟ್’ ಎಂದು ಕೊಟ್ಟರೆ ಎಲ್ಲವೂ ಬರೆದ ಹಾಗೆಯೇ ಬರುತ್ತವೆ, ಆಮೇಲೆ ಬೇಕಾದ ಕಾಲಂಗಳನ್ನು ಮಾತ್ರ ಬದಲಿಸಿಕೊಳ್ಳಬಹುದು.

ಖಾತೆ ಸಂಖ್ಯೆಯ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಎಚ್ಚರಿಸುತ್ತೇನೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳವರೆಗೆ ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿ ಓದಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಅದಕ್ಕಿಂತ ಚಿಕ್ಕದಾದರೂ ನಡುವೆ ‘ಇ’ ಇರುವ ಚುಟುಕು ರೂಪದಲ್ಲಿ ಕಾಣುತ್ತಿರುವಾಗ ಸಿಎಸ್‌ವಿಯಾಗಿ ಉಳಿಸಿದರೆ, ಕಾಣುತ್ತಿದ್ದ ಚುಟುಕು ರೂಪವೇ ಫೈಲಿಗೆ ಹೋಗುತ್ತದೆ, ಉಳಿದ ಅಂಕಿಗಳು ಹೋದವು ಎಂದೇ ಲೆಕ್ಕ. ಹೆಸರು ಕೆಟ್ಟರೆ ಕಣ್ಣಿಗೆ ಬೀಳುತ್ತದೆ. ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾದರೆ ದುಡ್ಡು ಕಳಿಸುವ ಹೊತ್ತಿನವರೆಗೆ ಯಾರಿಗೂ ತಿಳಿಯುವುದಿಲ್ಲ.

ಮತ್ತೆ ಮತ್ತೆ ಇದೇ ಗೋಳು ಬೇಡವೆಂದರೆ ಕಂಟ್ರೋಲ್ ಪ್ಯಾನೆಲ್ಲಿನ ‘ರೀಜನ್’ ಎಂಬಲ್ಲಿ ಇಂಗ್ಲಿಷ್, ಭಾರತ ಎಂದು ಬದಲಿಸಿ. ನಿಮ್ಮ ಸರ್ವೆ ನಂಬರು ಡಿಸೆಂಬರ್ 3 ಆಗಿದೆ ಎಂದರೆ ಅದು ಅಮೆರಿಕಕ್ಕೆ ಹೊಂದಿಸಿದಂತೆಯೇ ಇದೆ ಎಂದು ತಿಳಿಯುತ್ತದೆ. ಬದಲಿಸಿದ ಮೇಲೆ ದಿನಾಂಕಗಳು ಸರಿಯಾಗುತ್ತವೆ, 12/3 ಮಾತ್ರ ಡಿಸೆಂಬರ್ 3ರ ಬದಲು ಮಾರ್ಚ್ 12 ಆಗುತ್ತದೆ! ಹಾಗಾಗಿ ಆ ಕಾಲಂಗೆ ‘ಟೆಕ್ಸ್ಟ್’ ಎಂದು ಹೇಳುವುದನ್ನು ಬಿಡುವಂತಿಲ್ಲ. ಇದು ನಮ್ಮ ತಾಲ್ಲೂಕಿನ ಸರ್ವೆ ನಂಬರಿಗೆ ಮಾತ್ರ ಬಂದ ಕಷ್ಟವೂ ಅಲ್ಲ. ಮನುಷ್ಯರ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯವರು, ‘ಮಾರ್ಚ್1’ ಎಂಬಂಥ ಹೆಸರುಗಳು ಎಕ್ಸೆಲ್‌ನಲ್ಲಿ ದಿನಾಂಕವಾಗಿಬಿಡುತ್ತವೆ ಎಂಬುದನ್ನು ಕಂಡು ಅಂಥ ಹೆಸರುಗಳನ್ನೇ ಬದಲಿಸಿ, 2020ರ ತಮ್ಮ ಮಾರ್ಗಸೂಚಿಯಲ್ಲಿ ಅದನ್ನು ಹೇಳಿಕೊಂಡರು.


ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ‘ಫ್ರಮ್ ಟೆಕ್ಸ್ಟ್’ ದಾರಿಯಲ್ಲಿ ತೆರೆದಾಗ ಕನ್ನಡವೂ ದಿನಾಂಕವೂ ಸರಿಯಾಗಿ ಬಂದಿವೆ, ಸರ್ವೆ ನಂಬರೂ ಬರೆದಂತೆಯೇ ಇದೆ. ಈಗ ಉಳಿದಿರುವುದು ಹೆಸರು ಹೊಂದಿಸುವ ಕೆಲಸ. ಕಂಪ್ಯೂಟರಿನಲ್ಲಿ ಹಳೆಯದೊಂದು ಹಾಳೆಯಿದೆ. ಅದರಲ್ಲಿ ತೋಟದ ಯಜಮಾನರ ಹೆಸರು, ಊರು, ಒಪ್ಪಂದದ ದರ ಇವೆ. ಮೊಬೈಲಿನ ಹಾಳೆಯ ಹೆಸರನ್ನು ವಿ-ಲುಕಪ್ ಸೂತ್ರದಿಂದ ಆ ಹಾಳೆಯಲ್ಲಿ ಹುಡುಕಿಸಿದರೆ ಕೆಲವು ಹೆಸರುಗಳು ಸಿಗುತ್ತವೆ, ಕೆಲವು ಸಿಗುವುದಿಲ್ಲ. ಎರಡೂ ಕಡೆ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಹಳೆಯ ಹಾಳೆಯ ಇನ್ನೊಂದು ಭಾಗವಂತೂ ನುಡಿ ಫಾಂಟಿನಲ್ಲಿದೆ. ಅದನ್ನು ಮೊಬೈಲಿಗೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಅಲ್ಲದೆ ಕೆಲವು ಸಾಲುಗಳಲ್ಲಿ ತೂಕದ ಮೊತ್ತವೇ ಸೇರುತ್ತಿಲ್ಲ.


ಉತ್ತರ: ಶಿವಮೊಗ್ಗದಿಂದ

ಮೊತ್ತ ಸೇರದ ಸಾಲುಗಳನ್ನು ಮೊದಲು ನೋಡಿ. ಆ ತೂಕಗಳು ಕನ್ನಡ ಅಂಕಿಗಳಲ್ಲಿ, ಅಂದರೆ ೧, ೨, ೩ ಎಂದು ಬರೆದಿವೆಯೇ? ಮೊಬೈಲಿನ ಕನ್ನಡ ಕೀಲಿಮಣೆಯಿಂದ ಅಂಕಿ ಒತ್ತಿದಾಗ ಹೀಗಾಗುತ್ತದೆ. ಎಕ್ಸೆಲ್‌ಗೆ ಅವು ಅಂಕಿಗಳಲ್ಲ, ಪಠ್ಯ. ‘ಫೈಂಡ್ ಆ್ಯಂಡ್ ರಿಪ್ಲೇಸ್’ನಲ್ಲಿ ಹತ್ತು ಅಂಕಿಗಳನ್ನೂ ಒಂದೊಂದಾಗಿ ಬದಲಿಸಬೇಕು, ಆ ತೂಕದ ಕಾಲಂ ಒಂದನ್ನೇ ಆಯ್ದುಕೊಂಡು.

ಹೆಸರು ಹೊಂದದಿರಲು ಕಾರಣ ಬಹಳ. ನಾನು ಹೆಚ್ಚು ಕಂಡದ್ದು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತಿರುವುದು. ‘ಆಗುಂಬೆ’ ಮತ್ತು ‘ಆಗು೦ಬೆ’ ಎಂಬ ಎರಡನ್ನು ಒಂದರ ಕೆಳಗೊಂದು ಇಟ್ಟು ನೋಡಿದರೂ ಗೊತ್ತಾಗುವುದು ಕಷ್ಟ, ಆದರೆ ಎರಡನೆಯದರಲ್ಲಿರುವುದು ಸೊನ್ನೆ. ಹೆಸರು ಮತ್ತು ಊರಿನ ಕಾಲಂಗಳಲ್ಲಿ ಆ ಸೊನ್ನೆಯನ್ನು ಹುಡುಕಿ ಅನುಸ್ವಾರ ಮಾಡಿಬಿಟ್ಟರೆ ಅರ್ಧ ಗೋಳು ತೀರುತ್ತದೆ. ಮುಂದಿನದು ಹೆಸರಿನ ಕೊನೆಯಲ್ಲಿ ಸೇರಿಕೊಳ್ಳುವ ಖಾಲಿ ಜಾಗ. ಮೊಬೈಲಿನ ಕೀಲಿಮಣೆ ಸೂಚಿಸಿದ ಪದವನ್ನು ಆರಿಸಿದಾಗ ಅದು ತಾನೇ ಒಂದು ಖಾಲಿ ಜಾಗ ಸೇರಿಸುವುದುಂಟು. ‘ಟ್ರಿಮ್’ ಸೂತ್ರದಿಂದ ಅದನ್ನು ತೆಗೆಯಬಹುದು. ಇಷ್ಟಾದರೂ ಹೊಂದದಿದ್ದರೆ ‘ಲೆನ್’ ಸೂತ್ರದಿಂದ ಎರಡರ ಉದ್ದ ಅಳೆಯಿರಿ. ‘ಕೊಪ್ಪ’ ಎಂಬುದಕ್ಕೆ 5 ಬರಬೇಕು. 6 ಬಂದರೆ ಒಕಾರದ ಗುಣಿತವನ್ನು ಒಂದು ಚಿಹ್ನೆಯಾಗಿ ಬರೆಯದೆ ಎಕಾರ ಮತ್ತು ಊಕಾರಗಳ ಎರಡು ಚಿಹ್ನೆಗಳಾಗಿ ಬರೆದಿರಬಹುದು, ಅಥವಾ ಕಾಣದ ಜೋಡಕ ಚಿಹ್ನೆಯೊಂದು ನಡುವೆ ಕೂತಿರಬಹುದು. ಅಂಥ ಹೆಸರನ್ನು ಅಳಿಸಿ ಹೊಸದಾಗಿ ಬರೆಯುವುದೇ ಸಲೀಸು.

ನುಡಿಯ ಹಾಳೆಯ ವಿಷಯ ಬೇರೆ. ಹಳೆಯ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಮತ್ತಿತರ ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳ ಚಿತ್ರಗಳನ್ನು ಇಟ್ಟಿರುತ್ತಾರೆ. ಫೈಲಿನೊಳಗಿರುವುದು ಲ್ಯಾಟಿನ್ ಅಕ್ಷರಗಳೇ. ಫಾಂಟು ಅದರ ಮೇಲೆ ಕನ್ನಡದ ವೇಷ ಹಾಕುತ್ತದೆ. ಮೊಬೈಲಿನಲ್ಲಿ ಆ ಫಾಂಟು ಇಲ್ಲ, ವೇಷ ಕಳಚುತ್ತದೆ. ಇದನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಮುಂದೆ ಹೋಗಬೇಕು. ನುಡಿ ತಂತ್ರಾಂಶದಲ್ಲಿಯೇ ಪರಿವರ್ತಕವಿದೆ. ಆದರೆ ಇಡೀ ಹಾಳೆಯನ್ನು ಅದಕ್ಕೆ ಕೊಡಬೇಡಿ: ನಿಜವಾಗಿಯೂ ಇಂಗ್ಲಿಷಿನಲ್ಲಿರುವ ಬರಹವನ್ನು ಕೂಡ ಅದು ನುಡಿ ಎಂದು ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಕನ್ನಡದ ಕಾಲಂಗಳನ್ನು ಮಾತ್ರ ನಕಲಿಸಿ, ಪರಿವರ್ತಿಸಿ, ಮತ್ತೆ ಅದೇ ಸಾಲುಗಳಿಗೆ ತಂದಿಡಿ.

ಕೇಳದಿದ್ದರೂ ಒಂದು ಮಾತು. ಹೆಸರಿನಿಂದ ಹೊಂದಿಸುವುದನ್ನೇ ಬಿಟ್ಟುಬಿಡಿ. ನಮ್ಮ ಕಡೆ ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ತೋಟದವರು ಇರುವುದು ಅಪರೂಪವಲ್ಲ. ಸೂತ್ರವು ಮೊದಲು ಸಿಕ್ಕವರ ದರವನ್ನು ತಂದು ಇನ್ನೊಬ್ಬರ ಲೆಕ್ಕಕ್ಕೆ ಹಾಕಿದರೆ, ಕಂಪ್ಯೂಟರಿನ ಪಾಲಿಗೆ ಅದು ತಪ್ಪೇ ಅಲ್ಲ. ತೋಟಕ್ಕೊಂದು ಸಂಕೇತ ಕೊಡಿ. ಬರೀ ಅಂಕಿಯಾದರೆ ಮೊದಲ ಸೊನ್ನೆ ಹೋಗುತ್ತದೆ, ಇಂಗ್ಲಿಷ್ ತಿಂಗಳ ಹೆಸರಿನಂತಿದ್ದರೆ ಹೊಸನಗರದವರು ಹೇಳಿದ ವಂಶವಾಹಿಯ ಗತಿ. ಊರಿನ ಮೊದಲ ಕನ್ನಡ ಅಕ್ಷರ, ಅದರ ಮುಂದೆ ಸಂಖ್ಯೆ, ಇಷ್ಟಿದ್ದರೆ ಸಾಕು.


ಉತ್ತರ: ಕೊಪ್ಪದಿಂದ

ಇಷ್ಟೆಲ್ಲ ಓದಿದ ಮೇಲೆ ನನ್ನದೊಂದು ತಕರಾರು. ಸಿಎಸ್‌ವಿಯನ್ನು ಇಷ್ಟು ಉಪಚಾರ ಮಾಡಿ ಉಳಿಸಿಕೊಳ್ಳುವ ಅಗತ್ಯವಾದರೂ ಏನು? ಆ ಆ್ಯಪ್ ಸಿಎಸ್‌ವಿ ಬಿಟ್ಟು ಬೇರೇನೂ ಕೊಡುವುದಿಲ್ಲವೆಂದರೆ ಆ ಆ್ಯಪನ್ನೇ ಬಿಡಿ. ಮೊಬೈಲಿನಲ್ಲಿ ಎಕ್ಸೆಲ್ ಇದೆ, ಗೂಗಲ್ ಶೀಟ್ಸ್ ಇದೆ, ಕೊಲ್ಲಾಬೊರಾ ಆಫೀಸ್ ಇದೆ. ಇವೆಲ್ಲವೂ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲನ್ನು ತೆರೆಯುತ್ತವೆ, ತಿದ್ದುತ್ತವೆ. ಆ ರೂಪದಲ್ಲಿ ಅಕ್ಷರ ಸಂಕೇತ ಯಾವುದೆಂದು ಫೈಲಿನೊಳಗೇ ಬರೆದಿರುತ್ತದೆ. ದಿನಾಂಕ ಒಂದು ಕ್ರಮಸಂಖ್ಯೆಯಾಗಿ ಕೂತಿರುತ್ತದೆ. 2024ರ ಜನವರಿ 1 ಎಂಬುದು ಒಳಗೆ 45292. ಅಮೆರಿಕದ ಕಂಪ್ಯೂಟರಿಗೂ ತೀರ್ಥಹಳ್ಳಿಯ ಮೊಬೈಲಿಗೂ ಅದು ಒಂದೇ ದಿನ, ತಿರುವಲು ಅಲ್ಲಿ ಏನೂ ಇಲ್ಲ. ಸರ್ವೆ ನಂಬರಿನ ಕಾಲಂ ಪಠ್ಯ ಎಂದು ಒಮ್ಮೆ ಕಂಪ್ಯೂಟರಿನಲ್ಲಿ ಗುರುತು ಮಾಡಿ ಖಾಲಿ ಹಾಳೆಯನ್ನು ಮೊಬೈಲಿಗೆ ಕಳಿಸಿದರೆ, ಆ ಗುರುತು ಕೂಡ ಜೊತೆಯಲ್ಲಿ ಹೋಗುತ್ತದೆ. ನೀವು ತೋಟದಲ್ಲಿ ತುಂಬುವುದಷ್ಟೇ ಉಳಿಯುವುದು, ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ.

ಅದಕ್ಕೂ ತನ್ನದೇ ಒಂದು ದೋಷವಿದೆ, ಅದನ್ನು ಮುಚ್ಚಿಡಬಾರದು. ಎಕ್ಸ್‌ಎಲ್‌ಎಸ್‌ಎಕ್ಸ್ ಎಂಬುದು ವಾಸ್ತವವಾಗಿ ಹಲವು ಚಿಕ್ಕ ಫೈಲುಗಳನ್ನು ಅಡಕಿದ ಜಿಪ್ ಗಂಟು. ಅದರ ವಿಷಯಸೂಚಿ ಇರುವುದು ತುದಿಯಲ್ಲಿ. ನಕಲಾಗುತ್ತಿರುವಾಗ ಕೇಬಲ್ ಕಿತ್ತುಬಂದರೆ ತುದಿ ಬರದೆ ಇಡೀ ಹಾಳೆ ತೆರೆಯದೆ ಹೋಗಬಹುದು, ಎಕ್ಸೆಲ್ ಇದು ಸರಿಯಾದ ಫೈಲೇ ಅಲ್ಲ ಎನ್ನುತ್ತದೆ. ಸಿಎಸ್‌ವಿಯಲ್ಲಾದರೆ ಬಾರದ ಕೊನೆಯ ಸಾಲುಗಳು ಮಾತ್ರ ನಷ್ಟ. ಹಾಗಾಗಿ ಸಾಗರದವರು ಹೇಳಿದ ಗಾತ್ರ ಹೋಲಿಸುವ ಅಭ್ಯಾಸ ಇಲ್ಲಿ ಇನ್ನೂ ಹೆಚ್ಚು ಬೇಕು, ಮೊಬೈಲಿನಲ್ಲಿರುವ ಮೂಲವನ್ನು ಹೋಲಿಸುವ ಮುನ್ನ ಅಳಿಸಬಾರದು.

ಮೊಬೈಲಿನ ಫೋಲ್ಡರಿನಲ್ಲೇ ತೆರೆದು ತಿದ್ದಿದ್ದು ಉಳಿಯದಿರುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಆ್ಯಂಡ್ರಾಯ್ಡ್ ಮೊಬೈಲು ಪೆನ್‌ಡ್ರೈವಿನಂತೆ ಕಂಪ್ಯೂಟರಿಗೆ ಡಿಸ್ಕ್ ಆಗಿ ಸೇರುವುದಿಲ್ಲ. ಎಂಟಿಪಿ ಎಂಬ ವಿಧಾನದಲ್ಲಿ ಕೇಳಿದ ಫೈಲನ್ನು ಕೊಡುವುದು, ಕೊಟ್ಟದ್ದನ್ನು ಇಟ್ಟುಕೊಳ್ಳುವುದು ಇಷ್ಟೇ ಮಾಡುತ್ತದೆ. ಅಲ್ಲಿಂದ ನೇರವಾಗಿ ತೆರೆದಾಗ ವಿಂಡೋಸ್ ಒಂದು ತಾತ್ಕಾಲಿಕ ಪ್ರತಿಯನ್ನು ತೆಗೆದು ನಿಮ್ಮ ಮುಂದಿಡುತ್ತದೆ, ನೀವು ತಿದ್ದುವುದು ಆ ಪ್ರತಿಯನ್ನು. ಮೊದಲು ಕಂಪ್ಯೂಟರಿಗೆ ನಕಲು ಮಾಡಿ, ತಿದ್ದಿ, ಉಳಿಸಿ, ಮುಚ್ಚಿ, ಆಮೇಲೆ ಮರಳಿಸಬೇಕು. ಮೊಬೈಲಿನಲ್ಲಿ ಈಗತಾನೇ ಉಳಿಸಿದ ಫೈಲು ಕಂಪ್ಯೂಟರಿನ ಪಟ್ಟಿಯಲ್ಲಿ ಕಾಣದಿದ್ದರೆ ಕೇಬಲ್ ಬಿಚ್ಚಿ ಜೋಡಿಸಿ, ಅದಕ್ಕೂ ಬಗ್ಗದಿದ್ದರೆ ಮೊಬೈಲನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ. ಪ್ರತಿ ಸಲ ಹೆಸರಿನ ಕೊನೆಗೆ ದಿನಾಂಕ ಸೇರಿಸುವುದು ಕೂಡ ಒಳ್ಳೆಯದು, ಇಲ್ಲವಾದರೆ ಮೊಬೈಲಿನದು ಹೊಸದೋ ಕಂಪ್ಯೂಟರಿನದು ಹೊಸದೋ ಎಂಬ ಜಗಳ ಹುಟ್ಟುತ್ತದೆ.

ಗೂಗಲ್ ಶೀಟ್ಸ್ ಬಳಸುವುದಾದರೆ ಒಂದು ಸಂಗತಿ ನೆನಪಿರಲಿ. ಕಂಪ್ಯೂಟರಿನಲ್ಲಿ ಗೂಗಲ್ ಡ್ರೈವ್ ಹಾಕಿಕೊಂಡವರಿಗೆ ಫೋಲ್ಡರಿನಲ್ಲಿ ‘ಜಿಶೀಟ್’ ಎಂದು ಕೊನೆಯಾಗುವ ಫೈಲು ಕಾಣುತ್ತದೆ. ಅದು ಹಾಳೆಯಲ್ಲ, ಆನ್‌ಲೈನಿನಲ್ಲಿರುವ ಹಾಳೆಯ ವಿಳಾಸ ಮಾತ್ರ. ಪೆನ್‌ಡ್ರೈವಿಗೆ ಹಾಕಿಕೊಂಡು ಹೋದರೆ ಲೆಕ್ಕ ಮನೆಯಲ್ಲೇ ಉಳಿಯುತ್ತದೆ. ‘ಡೌನ್‌ಲೋಡ್’ ಎಂಬಲ್ಲಿ ಎಕ್ಸೆಲ್ ರೂಪವನ್ನು ಆರಿಸಿ ಇಳಿಸಿಕೊಂಡದ್ದನ್ನೇ ಒಯ್ಯಬೇಕು.


ಪ್ರಶ್ನೆ ಕೇಳಿದವರಿಂದ

ಆ್ಯಪ್ ಬಿಡುವ ವಿಚಾರವನ್ನು ಈ ಕೊಯ್ಲು ಮುಗಿದ ಮೇಲೆ ನೋಡುತ್ತೇವೆ. ನಡುವೆ ಬದಲಿಸಿದರೆ ತೂಕ ಬರೆಯುವ ಹುಡುಗರಿಗೆ ಗೊಂದಲವಾಗುತ್ತದೆ. ತೋಟದ ಸಂಕೇತವನ್ನು ನಾಳೆಯಿಂದಲೇ ಹಾಕುತ್ತೇನೆ. ಇನ್ನೊಂದೇ ಪ್ರಶ್ನೆ: ಪ್ರಶ್ನಾರ್ಥಕ ಚಿಹ್ನೆಗಳಾಗಿರುವ ಆ ಫೈಲಿನಲ್ಲಿ ಮುಂಗಡದ ತಿದ್ದುಪಡಿಗಳೂ ಇವೆ. ಅದರ ಹೆಸರುಗಳನ್ನು ಹಿಂದಕ್ಕೆ ತರುವ ಉಪಾಯವೇನಾದರೂ ಉಂಟೇ?


ಉತ್ತರ: ಸಾಗರದಿಂದ

ಆ ಫೈಲಿನಿಂದ ತರಲಾಗುವುದಿಲ್ಲ. ಪ್ರಶ್ನಾರ್ಥಕವಾದ ಮೇಲೆ ಅಲ್ಲಿ ಯಾವ ಅಕ್ಷರವಿತ್ತು ಎಂಬುದರ ಕುರುಹೇ ಉಳಿದಿರುವುದಿಲ್ಲ. ಯಾವ ಪರಿವರ್ತಕವೂ ಅದನ್ನು ಊಹಿಸಲಾರದು. ಆದರೆ ಅದಕ್ಕೂ ಮುಂಚಿನ ಸಿಎಸ್‌ವಿ ಮೊಬೈಲಿನಲ್ಲಿಯೋ ವಾಟ್ಸಾಪ್‌ನಲ್ಲಿ ಕಳಿಸಿದ ಸಂದೇಶದಲ್ಲಿಯೋ ಇದ್ದೇ ಇರುತ್ತದೆ. ಅದನ್ನು 65001 ಕೊಟ್ಟು ತೆರೆದು, ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಡಿ. ಸಾಲುಗಳ ಕ್ರಮ ಬದಲಾಗಿಲ್ಲ ಎಂಬುದನ್ನು ತೂಕದ ಕಾಲಂ ಹೋಲಿಸಿ ಖಾತ್ರಿ ಮಾಡಿಕೊಳ್ಳಿ; ಒಂದರಿಂದ ಇನ್ನೊಂದನ್ನು ಕಳೆದ ಕಾಲಂ ಮಾಡಿದರೆ ಎಲ್ಲ ಕಡೆ ಸೊನ್ನೆ ಬರಬೇಕು. ಬಂದರೆ, ಮುಂಗಡದ ಕಾಲಂ ಒಂದನ್ನು ಮಾತ್ರ ಕೆಟ್ಟ ಹಾಳೆಯಿಂದ ಎತ್ತಿ ಒಳ್ಳೆಯ ಹಾಳೆಗೆ ಹಾಕಿ. ಹೆಸರು, ದಿನಾಂಕ, ಖಾತೆ ಸಂಖ್ಯೆ ಯಾವುದನ್ನೂ ಕೆಟ್ಟ ಹಾಳೆಯಿಂದ ತರಬೇಡಿ. ಸೊನ್ನೆ ಬಾರದ ಸಾಲು ಸಿಕ್ಕರೆ ಅಲ್ಲಿ ನಿಲ್ಲಿಸಿ, ಆ ಸಾಲಿನಿಂದ ಕೆಳಗಿನದನ್ನು ತೂಕದ ಚೀಟಿಯ ಜೊತೆ ಒಂದೊಂದಾಗಿ ಹೋಲಿಸಿಯೇ ಮುಂದುವರಿಯಿರಿ.